ಸ್ತನ ಕ್ಯಾನ್ಸರ್ ಚಿಕಿತ್ಸೆ ನಂತರ ಕೈ, ಭುಜ, ವ್ಯಾಯಾಮ: ಫಿಸಿಯೋ ಮೇಡಂ ಅವರನ್ನು ಕೇಳಿ

ಸಂಪಿಗೆ: ಮೇಡಂ, ಅಮ್ಮನಿಗೆ ಆಪರೇಷನ್ ಆಗಿ ಐದು ವಾರ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಕೈ ಎತ್ತಿದ್ರೆ ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ದಾರ ಬಿಗಿದ ಹಾಗೆ ಎದ್ದು ಕಾಣುತ್ತೆ. ಭುಜದ ಮಟ್ಟ ದಾಟಲ್ಲ. ನರ ಸೆಳೆದಿದೆಯಾ?

ಫಿಸಿಯೋ: ನರ ಅಲ್ಲ, ಕಾರ್ಡಿಂಗ್. ಗ್ರಂಥಿ ತೆಗೆದ ಮೇಲೆ ಅಲ್ಲಿನ ಲಿಂಫ್ ನಾಳಗಳು (ಅಂಗಾಂಶದ ಹೆಚ್ಚುವರಿ ದ್ರವ ಸಾಗಿಸುವ ಸಣ್ಣ ಕೊಳವೆಗಳು) ಗಟ್ಟಿಯಾಗಿ ಹೀಗಾಗುತ್ತೆ ಅಂತ ತಿಳಿದಿದ್ದೇವೆ. ಕೆಲವರಿಗೆ ಮಣಿಕಟ್ಟಿನ ತನಕ ಇಳಿಯುತ್ತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹೋಗುತ್ತೆ. ಆದರೆ ನೋವಿಗೆ ಹೆದರಿ ಕೈಯನ್ನ ಎದೆಗೆ ಅವಚಿಕೊಂಡು ಕೂತರೆ ಭುಜವೇ ಹಿಡಿದುಕೊಳ್ಳುತ್ತೆ. ಮುಂದೆ ರೇಡಿಯೇಷನ್ ಇದ್ದರೆ ಕೈ ತಲೆ ಮೇಲಿಟ್ಟು ಮಲಗಬೇಕು, ಆಗ ಕಷ್ಟ.

ಗಾಯ ಪೂರ್ತಿ ಒಣಗಿದೆ, ಒಳಗೆ ನೀರು ನಿಂತಿಲ್ಲ ಅಂತ ಸರ್ಜನ್ ಹೇಳಿದ ಮೇಲೆ ಶುರು ಮಾಡಿ. ಅಂಗಾತ ಮಲಗಿ, ಸರಿಯಿರುವ ಕೈಯಿಂದ ಆ ಕೈಯ ಮಣಿಕಟ್ಟು ಹಿಡಿದು ತಲೆ ಕಡೆಗೆ ನಿಧಾನ ಒಯ್ಯಲಿ. ಸೆಳೆತ ಸಿಕ್ಕಲ್ಲಿ ನಿಂತು ಐದು ಉಸಿರು, ಹೀಗೆ 5 ರಿಂದ 10 ಸಲ, ದಿನಕ್ಕೆ ಎರಡು ಮೂರು ಹೊತ್ತು. ಆಮೇಲೆ ಗೋಡೆಗೆ ಮುಖ ಮಾಡಿ ಬೆರಳುಗಳನ್ನ ಮೇಲಕ್ಕೆ ನಡೆಸಲಿ. ಎಷ್ಟು ಎತ್ತರ ಮುಟ್ಟಿತು ಅಂತ ಪೆನ್ಸಿಲ್ ಗುರುತು ಹಾಕಿ. ಕೊನೆಗೆ ದಾರಕ್ಕೇ ಎಳೆತ ಕೊಡೋದು: ಕೈ ಪಕ್ಕಕ್ಕೆ ಚಾಚಿ, ಅಂಗೈ ಮೇಲೆ, ಮಣಿಕಟ್ಟನ್ನ ಮೆಲ್ಲಗೆ ಹಿಂದಕ್ಕೆ ಬಗ್ಗಿಸೋದು. ಮೊಣಕೈ ಮಡಚಿದರೆ ಎಳೆತ ತಪ್ಪಿಹೋಗುತ್ತೆ, ಅದನ್ನೇ ಗಮನಿಸಿ. ಸೆಳೆತ ಇರಬಹುದು, ಚುಚ್ಚುವ ನೋವು, ಮರುದಿನವೂ ಉಳಿಯುವ ನೋವು ಇರಬಾರದು. ಯಾರಾದರೂ "ಪಟಕ್ ಅನ್ನಿಸಿಬಿಡ್ತೀನಿ" ಅಂದರೆ ಕೈ ಕೊಡಬೇಡಿ.

ಗೋಡೆಯನ್ನ ತಳ್ಳಿದಾಗ ಬೆನ್ನ ಮೇಲಿನ ಭುಜದ ಮೂಳೆ ಹೊರಗೆ ಚಾಚುತ್ತಾ ನೋಡಿ. ಹಾಗಿದ್ದರೆ ನರದ ವಿಷಯ, ನೇರ ತೋರಿಸಬೇಕು.

ರಾಗಮಾಲೆ: ಎಷ್ಟು ಕೆಜಿ ಎತ್ತಬಹುದು ಮೇಡಂ?

ಫಿಸಿಯೋ: ಅರ್ಧ ಕೆಜಿಯಿಂದ ಶುರು. ಕೈ ಊದದಿದ್ದರೆ, ಭಾರ ಅನ್ನಿಸದಿದ್ದರೆ ಸ್ವಲ್ಪ ಸ್ವಲ್ಪ ಏರಿಸಿ. ವಾರಕ್ಕೆ ಎರಡು ದಿನ.

ಹಳೇಸದಸ್ಯೆ: ತಪ್ಪು ಸಲಹೆ. ಗ್ರಂಥಿ ತೆಗೆದ ಕೈಯಲ್ಲಿ ಜೀವಮಾನವಿಡೀ ಏನೂ ಎತ್ತಬಾರದು.

ಗಿರಿಧಾಮ: ಅಕ್ಕಾ, ಅದು ಹಳೇ ಕಾಲದ ಮಾತು. ನಿಧಾನವಾಗಿ ಭಾರ ಏರಿಸಿದರೆ ಲಿಂಫೆಡಿಮಾ, ಅಂದ್ರೆ ಲಿಂಫ್ ದ್ರವ ನಿಂತು ಕೈ ಊದೋದು, ಹೆಚ್ಚಲ್ಲ ಅಂತ 2009ರಲ್ಲೇ ಅಧ್ಯಯನ ಬಂದಿದೆ.

ಹಳೇಸದಸ್ಯೆ: ಅಧ್ಯಯನ ನಿಮ್ಮ ಕೈ ನೋಡ್ಕೊಳ್ಳುತ್ತಾ?

ಗಿರಿಧಾಮ: ಎತ್ತದೇ ಕೂತರೆ ಸ್ನಾಯು ಕರಗುತ್ತೆ, ಆಮೇಲೆ ಬಕೆಟ್ ಹಿಡಿದರೂ ನೋವು. ಹೆದರಿಸಬೇಡಿ.

ಹಳೇಸದಸ್ಯೆ: ನಾನು ಹೆದರಿಸ್ತಿದ್ದೀನಾ? ಅಡ್ಮಿನ್ ಎಲ್ಲಿ?

ನೀಲಿಹಕ್ಕಿ: ಕೃತಕ ಸ್ತನದ ತೂಕಕ್ಕೆ ಭುಜ ನೋಯುತ್ತೆ, ಈಜುವಾಗ ಬೇರೆಯದು ಹಾಕಬೇಕಾ?

ರಾಗಮಾಲೆ: ಹಾಗಾದ್ರೆ ಮಗು ಎತ್ತಬಹುದಾ? ಎಷ್ಟು ಕೆಜಿ?

ಫಿಸಿಯೋ: ಮೇಲೆ ಹೇಳಿದೆ.

ಬೆಳ್ಳಿಮೋಡ: ಲೆಟ್ರೋಜೋಲ್ (ಈಸ್ಟ್ರೋಜನ್ ಹಾರ್ಮೋನ್ ತಗ್ಗಿಸೋ ಮಾತ್ರೆ) ತಗೊಳ್ತಿದ್ದೀನಿ, ಬೆಳಿಗ್ಗೆ ಬೆರಳು ಮಡಚಕ್ಕಾಗಲ್ಲ. ನಡಿಗೆ ನಿಲ್ಲಿಸಲಾ?

ಫಿಸಿಯೋ: ನಿಲ್ಲಿಸಬೇಡಿ. ಈ ಕೀಲುನೋವಿಗೆ ನಡಿಗೆಯೂ ಸ್ನಾಯುಬಲದ ವ್ಯಾಯಾಮವೂ ಸಹಾಯ ಮಾಡುತ್ತೆ. ವಾರಕ್ಕೆ 150 ನಿಮಿಷ ಗುರಿ, ಹತ್ತು ಹತ್ತು ನಿಮಿಷವಾದರೂ ಸರಿ. ಮಾತ್ರೆಯನ್ನ ನೀವಾಗೇ ಬಿಡಬೇಡಿ.

ಮಗ_ಒಬ್ಬ: ಅಮ್ಮನ ಕೈ ನಿನ್ನೆಯಿಂದ ದಪ್ಪ, ಕೆಂಪು, ಮುಟ್ಟಿದರೆ ಬಿಸಿ. ಚಳಿ ಬರ್ತಿದೆ. ಊತಕ್ಕೆ ಹಾಕೋ ಬಿಗಿ ತೋಳುಚೀಲ, ಸ್ಲೀವ್, ಇನ್ನೂ ಬಿಗಿ ಮಾಡ್ಲಾ?

ಕಮಲಪತ್ರ: ಬಿಸಿ ಎಣ್ಣೆ ತಿಕ್ಕಿ, ಉಪ್ಪಿನ ಶಾಖ ಕೊಡಿ. ನೂರಾರು ಜನಕ್ಕೆ ಗುಣವಾಗಿದೆ, ಫಾರ್ವರ್ಡ್ ಕಳಿಸ್ತೀನಿ.

ಫಿಸಿಯೋ: ಕಳಿಸಬೇಡಿ! ತಿಕ್ಕಬೇಡಿ, ಶಾಖವೂ ಬೇಡ. ಸಂವೇದನೆ ಕಡಿಮೆಯಿರುವ ಚರ್ಮ ಸುಟ್ಟದ್ದೂ ಗೊತ್ತಾಗಲ್ಲ. ಮಗನವರೇ, ಸ್ಲೀವ್ ತೆಗೆಯಿರಿ. ಇದು ಸೋಂಕು ಇರಬಹುದು, ಲಿಂಫ್ ಹರಿವು ಸರಿಯಿಲ್ಲದ ಕೈಯಲ್ಲಿ ಬೇಗ ಹರಡುತ್ತೆ. ಇವತ್ತೇ, ಈಗಲೇ ಡಾಕ್ಟರ ಹತ್ತಿರ, ಆಂಟಿಬಯೋಟಿಕ್ ಬೇಕಾಗುತ್ತೆ. ರಕ್ತ ಹೆಪ್ಪುಗಟ್ಟಿದೆಯಾ ಅಂತಲೂ ನೋಡಲಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ, ದಾಟಿದರೆ ಗೊತ್ತಾಗುತ್ತೆ.

ಕಮಲಪತ್ರ: ಒಳ್ಳೇದಕ್ಕೆ ಹೇಳಿದ್ರೂ ಬೈಗುಳ.

ಗಿರಿಧಾಮ: ಒಳ್ಳೇದಾ ಅದು?

ಮಗ_ಒಬ್ಬ: ಹೊರಟ್ವಿ ಮೇಡಂ.

ಫಿಸಿಯೋ: ಯಾವ ಕಡೆ ಗ್ರಂಥಿ ತೆಗೆದದ್ದು, ಕೀಮೋ ನಡೀತಿದೆಯಾ, ಪೆನಿಸಿಲಿನ್ ಅಲರ್ಜಿ ಇದೆಯಾ, ಹೋದ ತಕ್ಷಣ ಹೇಳಿ. ಸೂಜಿಗೆ ಇನ್ನೊಂದು ಕೈ ಕೊಡಿ.