ಸಹಾಯ ಬೇಕು: 2020ರಲ್ಲಿ ಮಂಗಳೂರಿಗೆ ಓದಲು ಹೋಗುತ್ತಿದ್ದ ಕಾಸರಗೋಡಿನವರು

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯವಳು, ಎಂ.ಕಾಂ. ಓದುತ್ತಿದ್ದೇನೆ. ಕೊರೋನಾ ಕಾಲದಲ್ಲಿ ವಿದ್ಯಾರ್ಥಿಗಳ ಖರ್ಚು ಹೇಗೆ ಬದಲಾಯಿತು ಅನ್ನುವುದು ನನ್ನ ಪ್ರಾಜೆಕ್ಟ್. 2020ರ ಮಾರ್ಚ್‌ನಲ್ಲಿ ರೈಲು ನಿಂತು, ತಲಪಾಡಿ ಗಡಿಯೂ ಮುಚ್ಚುವವರೆಗೆ ಸೀಸನ್ ಟಿಕೆಟ್‌ನಲ್ಲಿ ಮಂಗಳೂರಿಗೆ ಓಡಾಡುತ್ತಿದ್ದವರು ಯಾರಾದರೂ ಇದ್ದೀರಾ? ಚಹಾ, ಗೋಳಿಬಜೆ, ಬಸ್ಸಿನ ದುಡ್ಡು ಉಳಿಯಿತು ಸರಿ, ಅದೆಲ್ಲ ಮೊಬೈಲ್ ರೀಚಾರ್ಜಿಗೇ ಹೋಯಿತಾ? ನಮ್ಮಣ್ಣ ಅಡಿಕೆ ಸುಲಿದ ಕೂಲಿಯಲ್ಲಿ ಡೇಟಾ ಹಾಕಿಸಿ, ನೆಟ್‌ವರ್ಕಿಗಾಗಿ ಗುಡ್ಡೆ ಹತ್ತಿ ಕೂರುತ್ತಿದ್ದ. (ಮಳೆ ಬಂದರೆ ಕ್ಲಾಸೂ ಇಲ್ಲ, ದುಡ್ಡೂ ದಂಡ!) ಪೀಜಿಯಲ್ಲಿದ್ದವರಿಗೆ ಅಡ್ವಾನ್ಸ್ ವಾಪಸ್ ಸಿಕ್ಕಿತಾ, ಅದನ್ನೂ ಹೇಳಿ. ಆಗಿನ ಲೆಕ್ಕ ಬರೆದಿಟ್ಟ ಡೈರಿ ಇದ್ದರಂತೂ ದೊಡ್ಡ ಉಪಕಾರ. ಹೆಸರು ಎಲ್ಲೂ ಹಾಕುವುದಿಲ್ಲ. ಇನ್‌ಬಾಕ್ಸಿಗೆ ಬನ್ನಿ, ಉಪ್ಪಳ, ಮಂಜೇಶ್ವರ, ಬದಿಯಡ್ಕದ ಕಡೆಯವರಾದರೆ ನಾನೇ ಬಂದು ಮಾತಾಡುತ್ತೇನೆ.