ಎರೆ ಮಣ್ಣಲ್ಲಿ ಲಿಬ್ಸ್ ಇಂಗಾಲ ಜಾಸ್ತಿ ತೋರಿಸುತ್ತಿದೆ. ಲೇಸರ್ ಶಕ್ತಿ ಏರಿಸಲಾ?

ರಾಯಚೂರು_ವಿದ್ಯಾರ್ಥಿನಿ:
ಮಣ್ಣಿನ ಸಾವಯವ ಇಂಗಾಲವನ್ನು ಲಿಬ್ಸ್‌ನಲ್ಲಿ (ಲೇಸರ್ ಹೊಡೆದು, ಹೊಮ್ಮುವ ಬೆಳಕಿನಿಂದ ಧಾತುಗಳನ್ನು ಗುರುತಿಸುವ ವಿಧಾನ) ಅಳೆಯುವ ಕೆಲಸ ಮಾಡುತ್ತಿದ್ದೇನೆ. 1064 ನ್ಯಾನೋಮೀಟರ್ ಲೇಸರ್ ಬಿದ್ದ ಜಾಗದಲ್ಲಿ ಪ್ಲಾಸ್ಮಾ, ಅಂದರೆ ಕಾದು ಹೊಳೆಯುವ ಅನಿಲ, ಏಳುತ್ತದೆ. ಅದರ ಬೆಳಕಿನಲ್ಲಿ 247.8 ನ್ಯಾನೋಮೀಟರ್‌ನ ಇಂಗಾಲದ ಗೆರೆ ನೋಡುತ್ತೇನೆ. ಮಸ್ಕಿ, ಸಿಂಧನೂರು ಕಡೆಯ ಎರೆ, ಸಂಡೂರು ಕಡೆಯ ಮಸಾರಿ (ಕೆಂಪು ಮಣ್ಣು), ಎರಡರಲ್ಲೂ ವಾಕ್ಲಿ-ಬ್ಲ್ಯಾಕ್ (ರಾಸಾಯನಿಕದಿಂದ ಸಾವಯವ ಇಂಗಾಲ ಅಳೆಯುವ ಹಳೆಯ ವಿಧಾನ) ಲೆಕ್ಕಕ್ಕಿಂತ ಜಾಸ್ತಿ ಬರುತ್ತಿದೆ. ಮಣ್ಣು ಒತ್ತಿ ಮಾಡಿದ ಒಂದೇ ಬಿಲ್ಲೆಯಲ್ಲೂ ಒಂದು ಲೇಸರ್ ಶಾಟ್‌ನಿಂದ ಇನ್ನೊಂದಕ್ಕೆ ಏರುಪೇರು. ಶಕ್ತಿ ಏರಿಸಿದರೆ ಸರಿ ಹೋಗುತ್ತಾ?

ಬಳ್ಳಾರಿ_ಲ್ಯಾಬ್:
ಶಕ್ತಿಗೆ ಕೈ ಹಾಕಬೇಡಿ. ಎರಡು ಮಣ್ಣಿನ ತೊಂದರೆ ಬೇರೆ ಬೇರೆ.

ಮಸಾರಿಯಲ್ಲಿ ಕಬ್ಬಿಣ. ಸಂಡೂರಿನ ಮಣ್ಣು ಅಂದ ಮೇಲೆ ಕೇಳಬೇಕಾ? 247.8ಕ್ಕೆ ಅಂಟಿಕೊಂಡೇ ಕಬ್ಬಿಣದ ಗೆರೆಗಳಿವೆ. ನಿಮ್ಮ ಸ್ಪೆಕ್ಟ್ರೋಮೀಟರ್ ಎರಡನ್ನೂ ಬಿಡಿಸದಿದ್ದರೆ ಕಬ್ಬಿಣವೂ ಇಂಗಾಲದ ಲೆಕ್ಕಕ್ಕೆ ಸೇರುತ್ತದೆ. ಕಬ್ಬಿಣದ ಇನ್ನೊಂದು ಒಂಟಿ ಗೆರೆ ಹಿಡಿದು ಅದರ ಪಾಲು ಕಳೆಯಿರಿ. 193.1ರ ಇಂಗಾಲದ ಗೆರೆಗೆ ಈ ಕಾಟ ಕಡಿಮೆ. ಆದರೆ ಆ ಬೆಳಕನ್ನು ಗಾಳಿಯ ಆಮ್ಲಜನಕ ನುಂಗುತ್ತದೆ, ಆರ್ಗಾನ್ ಹಾಯಿಸಬೇಕು.

ಎರೆಯಲ್ಲಿ ಸುಣ್ಣದ ಹರಳು. ಲೇಸರ್‌ಗೆ ಕೊಳೆತ ಎಲೆಯ ಇಂಗಾಲ, ಸುಣ್ಣದ ಇಂಗಾಲ ಎರಡೂ ಒಂದೇ. ಅದು ಕೊಡುವುದು ಒಟ್ಟು ಇಂಗಾಲ. ಚಿಟಿಕೆ ಮಣ್ಣಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ. ನೊರೆ ಬಂದರೆ ಸುಣ್ಣ ಇದೆ. ಕಾರ್ಬೊನೇಟ್ ಬೇರೆ ಅಳೆದು ಕಳೆಯಿರಿ, ಇಲ್ಲವೇ ಮೊದಲೇ ಆಮ್ಲದಲ್ಲಿ ತೆಗೆಯಿರಿ.

ಇನ್ನೊಂದು ಮಾತು. ವಾಕ್ಲಿ-ಬ್ಲ್ಯಾಕ್ ಅನ್ನೇ ಅಳತೆಗೋಲು ಮಾಡಿಕೊಂಡಿದ್ದೀರಿ. ಅದು ಇಂಗಾಲವನ್ನು ಪೂರ್ತಿ ಸುಡುವುದಿಲ್ಲ, ಸುಮಾರು 77% ಸಿಗುತ್ತದೆ ಅಂತ ಹಿಡಿದು 1.3ರಿಂದ ಗುಣಿಸುವ ರೂಢಿ. ಸವಳು ಮಣ್ಣಾದರೆ ಕ್ಲೋರೈಡ್ ಕೂಡ ಆ ಲೆಕ್ಕ ಕೆಡಿಸುತ್ತದೆ. ಕೆಲವು ಮಾದರಿಗಳನ್ನಾದರೂ ಒಣ ದಹನ ವಿಧಾನದಲ್ಲಿ (ಮಣ್ಣು ಸುಟ್ಟು, ಬರುವ ಅನಿಲದಿಂದ ಇಂಗಾಲ ಅಳೆಯುವುದು) ಅಳೆಸಿ.

ಏರುಪೇರಿಗೆ ಮದ್ದು ತಯಾರಿಯಲ್ಲೇ ಇದೆ. ಎರೆ ಮಣ್ಣು ನೀರು ಬಿಡುವುದಿಲ್ಲ, 105 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ. ತೇವವಿದ್ದರೆ ಪ್ಲಾಸ್ಮಾ ಸೊರಗುತ್ತದೆ. ನುಣ್ಣಗೆ ಅರೆದು, ಪ್ರತಿ ಸಲ ಒಂದೇ ಒತ್ತಡದಲ್ಲಿ ಬಿಲ್ಲೆ ಒತ್ತಿ. ಒಂದೇ ಗುಂಡಿಯ ಮೇಲೆ ಹೊಡೆಯುತ್ತಾ ಕೂರಬೇಡಿ, ಬಿಲ್ಲೆ ಸರಿಸುತ್ತಾ ಹಲವು ಕಡೆ ಹೊಡೆದು ಸರಾಸರಿ ತೆಗೆಯಿರಿ. ಎರೆ ಮತ್ತು ಮಸಾರಿಗೆ ಒಂದೇ ಕ್ಯಾಲಿಬ್ರೇಶನ್ ಗೆರೆ (ಬೆಳಕಿನ ಪ್ರಮಾಣವನ್ನು ಇಂಗಾಲದ ಪ್ರಮಾಣಕ್ಕೆ ಹೊಂದಿಸುವ ಗೆರೆ) ಎಳೆಯಲೇಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸುಧಾರಣೆ ಇದೇ.

ಸಿಂಧನೂರು_ರೈತ:
ನಡುವೆ ಬಾಯಿ ಹಾಕುತ್ತಿದ್ದೇನೆ. 2023ರಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಗಂಧಕ ಹುಡುಕಿದ್ದು ಇದೇ ಲಿಬ್ಸ್‌ನಿಂದ ಅಲ್ವಾ? ಹಾಗಿದ್ದರೆ ನಮ್ಮ ಕಾಲುವೆ ಕೊನೆಯ ಹೊಲಕ್ಕೆ ಜಿಪ್ಸಂ ಎಷ್ಟು ಹಾಕಬೇಕು ಅಂತ ಹೇಳುತ್ತಾ? ಸೋಡಿಯಂ ಜಾಸ್ತಿಯಾಗಿ ಮಳೆ ಬಂದರೆ ನೀರು ಇಳಿಯುವುದೇ ಇಲ್ಲ.

ಬಳ್ಳಾರಿ_ಲ್ಯಾಬ್:
ಹೌದು, ಅದೇ ವಿಧಾನ. ಅಲ್ಲಿ ಗಾಳಿಯಿಲ್ಲ, ನಮ್ಮ ಹೊಲದಂಥ ತೇವವೂ ಇಲ್ಲ. 589ರ ಸೋಡಿಯಂ ಗೆರೆ ಎದ್ದು ಕಾಣುತ್ತದೆ, ನಿಜ. ಆದರೆ ಅದು ಕಲ್ಲಿನ ಕಣದೊಳಗಿನ ಸೋಡಿಯಂ ಸೇರಿ ಒಟ್ಟು ಲೆಕ್ಕ. ಜಿಪ್ಸಂ ಪ್ರಮಾಣಕ್ಕೆ ಬೇಕಾದದ್ದು ಜೇಡಿಗೆ ಅಂಟಿದ, ಕ್ಯಾಲ್ಸಿಯಂ ಬಂದರೆ ಜಾಗ ಬಿಡುವ ಸೋಡಿಯಂ. ಅದಕ್ಕೆ ಈಗಲೂ ಮಾಮೂಲಿ ಮಣ್ಣು ಪರೀಕ್ಷೆಯೇ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಕೆಲಸ ನಡೆಯುತ್ತದೆ, ಅಲ್ಲಿ ವಿಚಾರಿಸಿ.

ರಾಯಚೂರು_ವಿದ್ಯಾರ್ಥಿನಿ:
ಮಸ್ಕಿ ಮಣ್ಣಿಗೆ ಆಮ್ಲ ಹಾಕಿದೆ, ಭರ್ತಿ ನೊರೆ! ಕ್ಯಾಲಿಬ್ರೇಶನ್ ಬೇರೆ ಮಾಡುತ್ತೇನೆ. ರೈತರೇ, ನಿಮ್ಮ ಆ ಹೊಲದ ಮಣ್ಣು ಸ್ವಲ್ಪ ಕೊಡುತ್ತೀರಾ? ಕ್ಲೋರೈಡ್ ಇರುವ ಮಾದರಿ ನನ್ನ ಹತ್ತಿರ ಇಲ್ಲ.