ಮಸ್ಕತ್‌ನ ನಿಧಾನಕ್ಕೆ ಹೇಗೆ ಹೊಂದಿಕೊಂಡಿರಿ?

ಗಾಂಧಿಬಜಾರ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ಬೆಂಗಳೂರು ಬಿಟ್ಟು ಒಮಾನ್‌ನ ಮಸ್ಕತ್‌ಗೆ ಬಂದಿದ್ದೇವೆ. ಮನೆ ಅಲ್ ಖುವೈರ್‌ನಲ್ಲಿ. ಊರು ಚೆನ್ನಾಗಿದೆ, ಸುಳ್ಳು ಹೇಳಲ್ಲ. ರಸ್ತೆ ಕ್ಲೀನು, ಹಾರ್ನ್ ಗಲಾಟೆ ಇಲ್ಲ, ಒಂದು ಕಡೆ ಬೋಳು ಕಲ್ಲುಬೆಟ್ಟ, ಇನ್ನೊಂದು ಕಡೆ ಸಮುದ್ರ. ಆದರೆ ಈ ನಿಧಾನ ಇದೆಯಲ್ಲ, ಅದು ತಲೆ ಕೆಡಿಸುತ್ತಿದೆ. ಮಧ್ಯಾಹ್ನ ಬ್ಲೌಸ್ ಹೊಲಿಸೋಕೆ ಅಂತ ಹೋದರೆ ಟೈಲರ್ ಅಂಗಡಿಯ ಶಟರ್ ಎಳೆದಿದೆ, ಸಂಜೆ ಬನ್ನಿ ಅಂತ ಪಕ್ಕದ ಅಂಗಡಿಯವನು ಕೈಸನ್ನೆ ಮಾಡುತ್ತಾನೆ. ಏಸಿ ರಿಪೇರಿಯವರು 'ನಾಳೆ, ಇನ್ಶಾ ಅಲ್ಲಾ' ಅಂದರು, ಆ ನಾಳೆ ಬಂದಿದ್ದು ಮುಂದಿನ ವಾರ! ಟ್ರಾಫಿಕ್ಕನ್ನು ಬೈಕೊಂಡೇ ಆಫೀಸು, ಬ್ಯಾಂಕು, ತರಕಾರಿ ಎಲ್ಲಾ ಮುಗಿಸುತ್ತಿದ್ದವಳು ನಾನು, ಇಲ್ಲಿ ಬೆಳಿಗ್ಗೆ ಹತ್ತಕ್ಕೇ ಪರದೆ ಎಳೆದು ಕೂರಬೇಕು. ಮೋಡ ಅಂತ ಒಂದು ನೋಡಿ ಎಷ್ಟು ಕಾಲ ಆಯಿತೋ. ಹಳಬರು ಹೇಗೆ ನಿಭಾಯಿಸಿದಿರಿ? 'ಅಭ್ಯಾಸ ಆಗುತ್ತೆ' ಅಂತ ಮಾತ್ರ ಹೇಳಬೇಡಿ, ಅದನ್ನು ಎಲ್ಲರೂ ಹೇಳಿ ಆಯಿತು.

ರೂವಿ ಹಳಬ:
ಮೇಡಂ, ಮೊದಲು ಬೆಂಗಳೂರಿನ ಟೈಮ್‌ಟೇಬಲ್ ಬಿಡಿ. ಇಲ್ಲಿ ದಿನ ಒಂದೇ ಅಲ್ಲ, ಎರಡು ತುಂಡು. ಬೆಳಗಿನ ಜಾವದಿಂದ ಹನ್ನೆರಡರವರೆಗೆ ಒಂದು, ನಾಲ್ಕೂವರೆಯಿಂದ ರಾತ್ರಿವರೆಗೆ ಇನ್ನೊಂದು. ನಡುವೆ ಮಲಗೋದು ಸೋಮಾರಿತನ ಅಲ್ಲ. ಜೂನ್‌ನಲ್ಲಿ 45 ಡಿಗ್ರಿ ದಾಟುವ ದಿನಗಳಿರುತ್ತವೆ, ಜೊತೆಗೆ ಸಮುದ್ರದ ಸೆಕೆ, ಆ ಹೊತ್ತಲ್ಲಿ ಅಂಗಡಿ ತೆರೆದರೂ ಯಾರು ಬರ್ತಾರೆ ಹೇಳಿ? ಸರ್ಕಾರಿ ಕೆಲಸ ಇದ್ದರೆ ಬೆಳಿಗ್ಗೆ ಏಳೂವರೆ ಎಂಟಕ್ಕೇ ಹೋಗಿ. ಶುಕ್ರವಾರ ಬೆಳಿಗ್ಗೆ ಏನೂ ಇಟ್ಟುಕೊಳ್ಳಬೇಡಿ, ನಮಾಜ್ ಮುಗಿಯೋವರೆಗೆ ಊರು ಏಳುವುದಿಲ್ಲ. ವಾರದ ರಜೆ ಶುಕ್ರ-ಶನಿ, ಅದಕ್ಕೆ ಭಾನುವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಮಾತ್ರ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಊರಲ್ಲಿ ಎಲ್ಲರೂ ಮಸಾಲೆ ದೋಸೆ ತಿಂತಾ ಇರ್ತಾರೆ ಅಂತ.

ಇನ್ನೊಂದು. ಫೋನಲ್ಲಿ ಜೋರು ಮಾಡಿದರೆ ಇಲ್ಲಿ ಕೆಲಸ ಆಗಲ್ಲ. ನಮ್ಮ ಹಳೇ ಮನೆಯ ಓನರ್ ಒಮಾನಿ, ಪೈಪ್ ಸೋರುತ್ತಿದೆ ಅಂತ ಎಷ್ಟು ಮೆಸೇಜ್ ಹಾಕಿದರೂ ಉತ್ತರ ಇಲ್ಲ. ಒಂದು ಸಂಜೆ ನೇರ ಅವರ ಮನೆಗೇ ಹೋದೆ. ಕೂರಿಸಿದರು, ಖರ್ಜೂರ ಕೊಟ್ಟರು, ಆಮೇಲೆ ಹಿಡಿ ಇಲ್ಲದ ಪುಟ್ಟ ಕಪ್ಪಿನಲ್ಲಿ ಏಲಕ್ಕಿ ವಾಸನೆಯ ಕಾಫಿ. ಕಪ್ ಖಾಲಿಯಾದಷ್ಟೂ ಸುರಿಯುತ್ತಾರೆ, ಸಾಕು ಅನ್ನಿಸಿದರೆ ಕಪ್ಪನ್ನು ಚೂರು ಅಲ್ಲಾಡಿಸಿ ವಾಪಸ್ ಕೊಡಬೇಕು. ಅಪ್ಪ ಅಮ್ಮ ಹೇಗಿದ್ದಾರೆ, ಕೇರಳನಾ (ಎಲ್ಲರನ್ನೂ ಕೇರಳದವರು ಅಂದುಕೊಳ್ಳುತ್ತಾರೆ) ಅಂತೆಲ್ಲ ಕೇಳಿದ ಮೇಲೆ ಪೈಪಿನ ಮಾತು ಬಂತು. ಮರುದಿನವೇ ಪ್ಲಂಬರ್ ಹಾಜರ್.

ಕುಡ್ಲದ ಸೈಟ್ ಇಂಜಿನಿಯರ್:
ನಿಧಾನ ಯಾರಿಗೆ ಅಂತ ಒಂಚೂರು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. ನಮ್ಮ ಸೈಟ್ ಬಸ್ಸು ಬೆಳಕು ಹರಿಯೋ ಮುಂಚೆ ಕ್ಯಾಂಪ್ ಬಿಡುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನಿದೆ, ಒಳ್ಳೇದೇ. ಆದರೆ ಆ ಹೊತ್ತಲ್ಲಿ ನಮ್ಮ ಹುಡುಗರು ಪೈಪ್ ರಾಶಿಯ ನೆರಳಲ್ಲಿ ರಟ್ಟು ಹಾಸಿಕೊಂಡು, ಒದ್ದೆ ಟವೆಲ್ಲು ಮುಖಕ್ಕೆ ಹಾಕಿಕೊಂಡು ಬಿದ್ದಿರ್ತಾರೆ, ಎದ್ದ ಮೇಲೆ ಉಳಿದ ಕೆಲಸ ಮುಗಿಸಲೇಬೇಕು. ಆ ಏಸಿಯವನೂ ಸುಮ್ನೆ ಕೂತಿರಲಿಲ್ಲ ಅಕ್ಕ. ಬೇಸಿಗೆ ಶುರುವಾಗುವಾಗ ಊರಿನ ಎಲ್ಲಾ ಏಸಿ ಒಟ್ಟಿಗೇ ಕೆಡುತ್ತೆ, ಅವನಿಗೆ ಚಾವಣಿಯಿಂದ ಚಾವಣಿಗೆ ಹತ್ತೋದೇ ಕೆಲಸ. ಮುಂದಿನ ವರ್ಷ ಮಾರ್ಚ್‌ನಲ್ಲೇ ಸರ್ವಿಸ್ ಮಾಡಿಸಿಬಿಡಿ.

ಅಜೈಬಾ ಅಮ್ಮ:
ತಂಗಿ, ಇವರಿಬ್ಬರೂ ಹೇಳಿದ್ದು ಸರಿ, ಆದರೆ ನಿನ್ನ ಕಷ್ಟ ನಿಧಾನದ್ದಲ್ಲ ಅನ್ಸುತ್ತೆ. ಕಾರಿಲ್ಲದೆ ಮನೆಯಲ್ಲಿ ಕೂತಿರೋದರದ್ದು. ಮ್ವಾಸಲಾತ್ ಅಂತ ಸರ್ಕಾರಿ ಬಸ್ಸು ಇದೆ, ನಿಜ, ಆದರೆ ಸ್ಟಾಪ್‌ವರೆಗೆ ನಡೆಯೋದರಲ್ಲೇ ಬೆಂದು ಹೋಗ್ತೀವಿ. ಡ್ರೈವಿಂಗ್ ಕಲಿ. ಇಲ್ಲಿನ ಲೈಸೆನ್ಸ್ ಸುಲಭ ಅಲ್ಲ ಅಂತ ಮೊದಲೇ ಹೇಳ್ತೀನಿ. ಡ್ರಮ್ ಟೆಸ್ಟ್ ಅಂತ ಇದೆ, ಡ್ರಮ್ಮುಗಳ ನಡುವೆ ರಿವರ್ಸ್ ತಗೋಬೇಕು, ಆಮೇಲೆ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದ ಹಾಗೆ ಎತ್ತಬೇಕು, ಅದಾದ ಮೇಲೆ ಪೊಲೀಸರು ಪಕ್ಕದಲ್ಲಿ ಕೂತು ರೋಡ್ ಟೆಸ್ಟ್. ಬೇಸಿಗೆಯ ಬೇಜಾರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಅಲ್ಲಿವರೆಗೆ ಸಂಜೆ ಮುತ್ರಾ ಕಾರ್ನಿಶ್‌ಗೆ, ಅಂದ್ರೆ ಅಲ್ಲಿನ ಸಮುದ್ರ ದಂಡೆಯ ರಸ್ತೆಗೆ, ಹೋಗಿ ಬನ್ನಿ. ಸೋಮವಾರ ಹಳೇ ಮಸ್ಕತ್‌ನ ಶಿವನ ಗುಡಿ, ಇಲ್ಲಾಂದ್ರೆ ದಾರ್ಸೈತ್‌ನ ಕೃಷ್ಣನ ಗುಡಿ, ಅಲ್ಲಿ ಕನ್ನಡ ಕಿವಿಗೆ ಬಿದ್ದೇ ಬೀಳುತ್ತೆ. ಅಕ್ಟೋಬರ್ ಕೊನೆಗೆ ಹವಾ ತಿರುಗಿದರೆ ಇದೇ ಊರಲ್ಲಿ ಯಾರೂ ಮನೇಲಿ ಇರಲ್ಲ. ಶುಕ್ರವಾರ ಬೆಳಿಗ್ಗೆ ನಿಜ್ವಾ ಊರಿನ ಆಡಿನ ಸಂತೆಗೆ ಹೋಗಿ, ಜನ ಸುತ್ತಲೂ ಕೂತಿರ್ತಾರೆ, ನಡುವೆ ಆಡು ಎಳೆದುಕೊಂಡು ಸುತ್ತು ಹಾಕ್ತಾ ಬೆಲೆ ಕೂಗ್ತಾರೆ. ಮಳೆ ಬೇಕೇ ಬೇಕು ಅಂದ್ರೆ ಜುಲೈ-ಆಗಸ್ಟ್‌ನಲ್ಲಿ ದಕ್ಷಿಣ ಒಮಾನ್‌ನ ಸಲಾಲಾ. ಇಲ್ಲಿ ಬೇಯುವಾಗ ಅಲ್ಲಿ ಜಿಟಿಜಿಟಿ, ಮಂಜು, ಬೆಟ್ಟ ಪೂರ್ತಿ ಹಸಿರು. ಕಾರಲ್ಲಿ ಸುಮಾರು 1000 ಕಿ.ಮೀ., ಹೆಚ್ಚಿನ ದಾರಿ ಬರೀ ಮರಳುಗಾಡು, ಮಕ್ಕಳಿದ್ದರೆ ವಿಮಾನವೇ ವಾಸಿ.

ಮೋಡದ ವಿಷಯ ಹೇಳಿದೆಯಲ್ಲ, ಒಂದು ಎಚ್ಚರಿಕೆ. ಮಸ್ಕತ್‌ನಲ್ಲಿ ಮೋಡ ಕಂಡರೆ ಹಪ್ಪಳ ಕರಿಯೋಣ ಅನ್ನಿಸುತ್ತೆ, ಕರಿ. ಆದರೆ ಒಣಗಿದ ಹೊಳೆ ಥರ ಕಾಣುವ ವಾದಿಗಳನ್ನು ಆ ದಿನ ದಾಟಬೇಡಿ. ಮಳೆ ಬೆಟ್ಟದ ಮೇಲೆ ಬಿದ್ದಿರುತ್ತೆ, ನಿಮ್ಮ ತಲೆ ಮೇಲೆ ಬಿಸಿಲೇ ಇರುತ್ತೆ, ನೀರು ಮಾತ್ರ ಕಾರು ಎತ್ತಿಕೊಂಡು ಹೋಗುವಷ್ಟು ಬರುತ್ತೆ. 2007ರ ಗೋನು ಚಂಡಮಾರುತ ನೋಡಿದವರನ್ನು ಕೇಳಿ, ಹೇಳ್ತಾರೆ.

ಗಾಂಧಿಬಜಾರ್ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಸೈಟ್ ಇಂಜಿನಿಯರ್ ಅವರೇ, ನಿಮ್ಮ ಮಾತು ನಾಟಿತು, ಬೇಜಾರೇನಿಲ್ಲ. ಆದರೂ ಆ ಏಸಿಯವನು ಬರೋದು ಯಾವತ್ತು ಅಂತ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಅಮ್ಮ, ಡ್ರೈವಿಂಗ್ ಕಲಿಸುವ ಹೆಂಗಸರು ಸಿಗ್ತಾರಾ? ಮತ್ತೆ ಗೇರ್ ಗಾಡಿನಾ, ಆಟೋಮ್ಯಾಟಿಕ್ಕಾ?

ಅಜೈಬಾ ಅಮ್ಮ:
ಸಿಗ್ತಾರೆ. ನನಗೆ ಕಲಿಸಿದ್ದು ಒಮಾನಿ ಹೆಂಗಸು, ಬೈತಿದ್ದಳು, ಚೆನ್ನಾಗಿ ಕಲಿಸಿದಳು. ಆಟೋಮ್ಯಾಟಿಕ್ ಸಾಕು. ಬೆಳಿಗ್ಗೆ ಆರರ ಕ್ಲಾಸ್ ಕೇಳು, ಆಮೇಲಾದರೆ ಸ್ಟೀರಿಂಗ್ ಮುಟ್ಟೋಕಾಗಲ್ಲ.